ಪುಟ್ಟಿ, ಆ ಕ್ರಿಸ್‌ಮಸ್ ಕಂತಿಂದ ಮಾತ್ರ ಶುರು ಮಾಡ್ಬೇಡ

ಹಲೋ ಪುಟ್ಟಿ, ನಿನ್ನ ಮೆಸೇಜ್ ಈಗ ನೋಡ್ದೆ. ವೇಲ್ಸ್‌ನ ಬ್ಯಾರಿ ಊರಲ್ಲಿರೋ ನಿನ್ನ ಬೀಗಿತ್ತಿ ‘ಗ್ಯಾವಿನ್ ಅಂಡ್ ಸ್ಟೇಸಿ’ (ಅವರೂರಿನ ಹುಡುಗಿ ಸ್ಟೇಸಿ, ಇಂಗ್ಲೆಂಡಿನ ಹುಡುಗ ಗ್ಯಾವಿನ್ ಮದುವೆ ಆಗೋ ಬಿಬಿಸಿ ಹಾಸ್ಯ ಧಾರಾವಾಹಿ) ನೋಡಿದೀರಾ ಅಂತ ಕೇಳಿದ್ರಂತೆ, ನೀನು ಹೂಂ ಅಂದ್ಬಿಟ್ಟೆಯಂತೆ. ಈಗ ಕಾರ್ಡಿಫ್‌ಗೆ ಹೊರಡೋ ಹೊತ್ತಿಗೆ ಎಲ್ಲಿಂದ ನೋಡ್ಲಿ, ಅವರ ಮುಂದೆ ಮರ್ಯಾದೆ ಹೋಗತ್ತಾ ಅಂತ ಒದ್ದಾಟ. ಮರ್ಯಾದೆ ಎಲ್ಲೂ ಹೋಗಲ್ಲ, ಬಿಡು. ಆದ್ರೆ ಕೊನೇದಾದ 2024ರ ಕ್ರಿಸ್‌ಮಸ್ ಕಂತಿಂದ ಶುರು ಮಾಡ್ಬೇಡ.

ನಮ್ಮ ದೊಡ್ಡ ನಾದಿನಿ ಮನೇಲಿ ಆಗಿದ್ದು ಗೊತ್ತಲ್ಲ ನಿಂಗೆ? ಬೀಗರ ಜೊತೆ ಕೂತ್ಕೊಂಡು ನೇರ ಕೊನೇ ಕಂತೇ ಹಾಕಿದ್ರು. ಅದು ತೆರ್ಕೊಳ್ಳೋದೇ ಗ್ಯಾವಿನ್ ಗೆಳೆಯ ಸ್ಮಿದಿಗೂ ಸೋನಿಯಾ ಅನ್ನೋಳಿಗೂ ಮದುವೆ ತಯಾರಿ ಇಟ್ಕೊಂಡು. ನಮ್ಮೋರೆಲ್ಲ ಸೋನಿಯಾನೇ ಕಥಾನಾಯಕಿ ಅನ್ಕೊಂಡ್ರು! ಆ ಮದುವೆ ಮುರಿದು ಸ್ಮಿದಿ ಸ್ಟೇಸಿ ಗೆಳತಿ ನೆಸ್ಸಾನ ಕಟ್ಕೊಂಡಾಗ ಬೀಗಿತ್ತಿ ಖುಷೀಲಿ ಕಣ್ಣೊರೆಸ್ಕೋತಿದ್ರೆ ನಮ್ಮ ನಾದಿನಿ, ‘ಅಯ್ಯೋ, ಮಂಟಪದಲ್ಲಿ ಹುಡುಗಿ ಕೈ ಬಿಟ್ನಲ್ಲ, ಇಂಥೋನಿಗೆ ಮಾನ ಇದ್ಯಾ’ ಅಂತ ಬೈಯ್ಯೋಕೆ ಶುರು. ಆಮೇಲೆ ಊಟದ ಹೊತ್ತಲ್ಲಿ ಮಾತೇ ಇಲ್ಲ.

ತಪ್ಪು ನಾದಿನೀದಲ್ಲ, ಹಾಕಿದ ಕ್ರಮದ್ದು. 2007ರ ಮೊದಲನೇ ಕಂತಲ್ಲಿ ಗ್ಯಾವಿನ್ ಸ್ಟೇಸಿ ಫೋನಲ್ಲಿ ಮಾತಾಡಿ ಮಾತಾಡಿ ಲಂಡನ್‌ನಲ್ಲಿ ಮೊದಲ ಸಲ ಭೇಟಿ ಆಗ್ತಾರೆ. ಅವನ ಜೊತೆ ಸ್ಮಿದಿ, ಅವಳ ಜೊತೆ ನೆಸ್ಸಾ. ಸ್ಮಿದಿ ನೆಸ್ಸಾ ಕಥೆ ಶುರು ಆಗೋದೇ ಆ ರಾತ್ರಿ. ಎರಡನೇ ಸರಣಿ ಕೊನೇಲಿ ನೆಸ್ಸಾಗೆ ಸ್ಮಿದಿ ಮಗು ನೀಲ್ ಹುಟ್ಟತ್ತೆ. 2019ರ ಕ್ರಿಸ್‌ಮಸ್ ಕಂತಲ್ಲಿ ಅವಳೇ ಮಂಡಿಯೂರಿ ಮದುವೆ ಆಗ್ತೀಯಾ ಅಂತಾಳೆ, ಉತ್ತರ ಕೇಳೋ ಮೊದಲೇ ಮುಗಿದೋಗತ್ತೆ. ಐದು ವರ್ಷ ಜನ ಕಾದ್ರು. ಇದೊಂದೂ ಗೊತ್ತಿಲ್ದೆ ಕೊನೇದನ್ನ ನೋಡಿದ್ರೆ ಏನರ್ಥ ಆಗತ್ತೆ? ಅದಕ್ಕೇ ಮತ್ತೆ ಹೇಳ್ತೀನಿ, ಆ ಕ್ರಿಸ್‌ಮಸ್ ಕಂತು ಮೊದಲು ಮುಟ್ಬೇಡ.

ಇನ್ನೊಂದು, 2008ರದ್ದೂ ಒಂದು ಕ್ರಿಸ್‌ಮಸ್ ಕಂತಿದೆ. ಅದನ್ನ ಎರಡನೇ ಸರಣಿ ಆದ್ಮೇಲೆ, ಮೂರನೇದರ ಮುಂಚೆ ನೋಡ್ಬೇಕು. ಗ್ಯಾವಿನ್‌ಗೆ ಕಾರ್ಡಿಫ್‌ನಲ್ಲಿ ಕೆಲಸ ಸಿಕ್ಕಿದ್ದು ಅವನಪ್ಪ ಅಮ್ಮಂಗೆ ಗೊತ್ತಾಗೋದು ಅದ್ರಲ್ಲೇ. ಬಿಟ್ರೆ ಮೂರನೇ ಸರಣೀಲಿ ಅವನ್ಯಾಕೆ ಅತ್ತೆ ಮನೇಲಿದಾನೆ ಅಂತ ತಲೆ ಕೆರ್ಕೋತೀಯ.

ಅಂದಹಾಗೆ ನೋಡು, ಮದುವೆ ಆದ್ಮೇಲೆ ಸ್ಟೇಸಿ ಇಂಗ್ಲೆಂಡಿನ ಬಿಲರಿಕಿ ಊರಲ್ಲಿರೋ ಅತ್ತೆ ಪ್ಯಾಮ್ ಮನೆಗೆ ಹೋಗ್ತಾಳೆ. ಬ್ಯಾರಿಗೂ ಅದಕ್ಕೂ ಸುಮಾರು 300 ಕಿಲೋಮೀಟರ್. ಅಮ್ಮ ಬೇಕು, ಊರು ಬೇಕು ಅಂತ ಕೊರಗ್ತಾಳೆ. ಕೊನೆಗೆ ಗ್ಯಾವಿನ್ನೇ ಅವಳೂರಿಗೆ ಹೊರಡ್ತಾನೆ. ಅಲ್ಲಿ ಪ್ಯಾಮ್ ಗೋಳಾಡ್ತಾಳೆ ನಿಜ, ಆದ್ರೆ ಹುಡುಗ ಹೋದ. ನಮ್ಮಲ್ಲಿ ಹಾಗೆ ಹೋದ್ರೆ ಮನೆಅಳಿಯ ಅಂತ ಮೂದಲಿಸೋರು ಯಾರು? ಇದೇ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿರೋ ಮಾವಂದ್ರೇ! ಹೆಣ್ಮಕ್ಕಳು ಊರು ಬಿಟ್ರೆ ಮಾತ್ರ ಯಾರಿಗೂ ಏನೂ ಅನ್ಸಲ್ಲ. ಹೆಸರು ಹೇಳಲ್ಲ, ಕೇಳಿಸ್ಕೊಳ್ತಿರೋರಿಗೆ ಗೊತ್ತಾಗತ್ತೆ.

ಅಯ್ಯೋ, ಮುಖ್ಯವಾದ್ದೇ ಮರೆತೆ. ಮೈಸೂರಲ್ಲಿ ಕೂತು ಹುಡುಕ್ಬೇಡ, ಇದನ್ನ ಆನ್‌ಲೈನಲ್ಲಿ ತೋರ್ಸೋ ಬಿಬಿಸಿ ಐಪ್ಲೇಯರ್ ಬ್ರಿಟನ್ನಿನ ಆಚೆ ನಡೆಯಲ್ಲ. ಕಾರ್ಡಿಫ್‌ಗೆ ಹೋದ್ಮೇಲೆ ಮಗಳ ಮನೇಲಿ ನೋಡು. ಅವಳ ಹತ್ರ ಟಿವಿ ಲೈಸೆನ್ಸ್, ಅಂದ್ರೆ ಅಲ್ಲಿ ಟಿವಿ ನೋಡೋಕೆ ದುಡ್ಡು ಕಟ್ಟಿ ತಗೊಳ್ಳೋ ಪರವಾನಗಿ, ಇದ್ಯಾ ಕೇಳು. ಐಪ್ಲೇಯರ್‌ಗೂ ಅದು ಬೇಕು. ಮೊದಲನೇ ಸರಣಿ ಆರೇ ಕಂತು, ಒಂದೊಂದು ಅರ್ಧ ಗಂಟೆ. ಮದುವೆ ಆರನೇದ್ರಲ್ಲಿ. ಬೀಗರ ಮನೆಗೆ ಹೋಗೋ ಮುಂಚೆ ಇಷ್ಟು ನೋಡಿದ್ರೆ ಪ್ಯಾಮ್, ಮಿಕ್, ಗ್ವೆನ್, ಬ್ರಿನ್ ಮಾವ ಯಾರ್ಯಾರು ಅಂತ ಗೊತ್ತಾಗತ್ತೆ, ಮಾತಿಗೆ ಸಾಕು. ಸಬ್‌ಟೈಟಲ್ ಹಾಕ್ಕೋ, ನೆಸ್ಸಾ ಮಾತು ಬೇಗ ಕಿವಿಗೆ ಹತ್ತಲ್ಲ. ಹತ್ತಿದ್ರೂ ಅದು ಮಕ್ಕಳು ಮರಿ, ನಿಮ್ಮತ್ತೆ ಮುಂದೆ ಕೇಳೋ ಮಾತಲ್ಲ. ನೀನೂ ಮಗಳೂ ಇಬ್ರೇ ಕೂತ್ಕೊಳ್ಳಿ. ಬೀಗಿತ್ತಿ ಬಾಗಿಲಲ್ಲೇ ‘ವಾಟ್ಸ್ ಅಕರಿಂಗ್’ ಅಂದ್ರೆ ಗಾಬರಿ ಬೀಳ್ಬೇಡ, ನೆಸ್ಸಾ ಥರ ಹೇಗಿದೀರಾ ಅಂತಿದಾರೆ ಅಷ್ಟೆ. ನಾವು ಮಾಂಸ ತಿನ್ನಲ್ಲ ಅಂತ ಮಗಳ ಕೈಲಿ ಮೊದಲೇ ಹೇಳ್ಸಿಡು. ಧಾರಾವಾಹೀಲಿ ಪ್ಯಾಮ್ ಬೀಗರ ಮುಂದೆ ಸಸ್ಯಾಹಾರಿ ನಾಟಕ ಆಡ್ತಾಳಲ್ಲ, ಅದಕ್ಕೇ ನೀವೂ ಹಾಗೇನಾ ಅಂತ ನಗ್ತಾರೆ, ನಗ್ಲಿ. ಟಿಕೆಟ್ ಯಾವತ್ತಿಗೆ ಆಯ್ತು ಅಂತ ಹಾಕು.