ಖಾಲಿ ರಸ್ತೆ, ಕಪ್ಪು ಬಟ್ಟೆ ಮತ್ತು ದೊಡ್ಡಪ್ಪನ ಫಾರ್ವರ್ಡ್

ಗುಂಪು: ಮನೆ ಮಂದಿ
ಭಾನುವಾರ, ಬೆಳಗ್ಗೆ 6:40

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ):
ಅಪರೂಪದ ಹಳೆಯ ಫೋಟೋಗಳು!! ನೋಡಿದರೆ ಕಣ್ಣು ತುಂಬಿ ಬರುತ್ತದೆ.
ಫೋಟೋ 1: 1838ರ ಪ್ಯಾರಿಸ್. ವಾಹನ ಇಲ್ಲ, ಗದ್ದಲ ಇಲ್ಲ. ಎಂಥ ನೆಮ್ಮದಿ!
ಫೋಟೋ 2: ತೀರಿಕೊಂಡ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಕಪ್ಪು ಆಕೃತಿ. ಮೈ ಜುಮ್ಮೆನ್ನುತ್ತದೆ.
ಫೋಟೋ 3: ಗಿರಣಿಯಲ್ಲಿ ಪುಟ್ಟ ಹುಡುಗಿ. ಆಗಿನ ಮಕ್ಕಳು ಚಿಕ್ಕಂದಿನಲ್ಲೇ ಜವಾಬ್ದಾರಿ ಕಲಿಯುತ್ತಿದ್ದರು.
ಫೋಟೋ 4: ಮುಗಿಲೆತ್ತರದ ಕಬ್ಬಿಣದ ತೊಲೆ ಮೇಲೆ ಕೂತು ಊಟ. ಭಯ ಅನ್ನುವುದೇ ಗೊತ್ತಿರಲಿಲ್ಲ.
ಆ ಜನ, ಆ ಕಾಲ ಮತ್ತೆ ಬರುವುದಿಲ್ಲ. ಹತ್ತು ಜನಕ್ಕೆ ಕಳುಹಿಸಿ 🙏🙏

ಅತ್ತೆ: ಎರಡನೇದನ್ನು ಬೆಳಗ್ಗೆ ಬೆಳಗ್ಗೆ ಯಾಕಣ್ಣ ಹಾಕಿದೆ. ಇನ್ನೂ ಮುಖ ತೊಳೆದಿಲ್ಲ.

ಚಿಕ್ಕಪ್ಪ: ಹತ್ತು ಜನಕ್ಕೆ ಕಳಿಸದಿದ್ದರೆ ಆ ಕಪ್ಪು ಆಕೃತಿ ನಮ್ಮನೆಗೆ ಬರುತ್ತಾ ಅಣ್ಣ?

ದೊಡ್ಡಪ್ಪ: ತಮಾಷೆ ಬೇಡ. ಮೊದಲನೆಯದು ನೋಡು. ಅಷ್ಟಗಲ ರಸ್ತೆ, ಒಂದು ನರಪಿಳ್ಳೆ ಇಲ್ಲ. ಈಗ ರಸ್ತೆ ದಾಟಬೇಕು ಅಂದರೆ ಕಾಲು ಗಂಟೆ ಕಾಯಬೇಕು.

ನಾನು: ದೊಡ್ಡಪ್ಪ, ಆ ರಸ್ತೆ ಖಾಲಿ ಇರಲಿಲ್ಲ. ಗಿಜಿಗುಡುತ್ತಿತ್ತು.

ದೊಡ್ಡಪ್ಪ: ಕಣ್ಣೆದುರಿಗೆ ಫೋಟೋ ಇದೆಯಲ್ಲಮ್ಮ.

ನಾನು: ಫೋಟೋ ಇದೆ, ಜನ ಅದಕ್ಕೆ ಸಿಕ್ಕಿಲ್ಲ ಅಷ್ಟೇ. ಇದು ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸ್‌ನ ಡಾಗೇರ್ ತೆಗೆದದ್ದು. ಬೆಳ್ಳಿ ಲೇಪದ ತಾಮ್ರದ ತಗಡು, ಬಹಳ ನಿಧಾನ. ಒಂದು ಫೋಟೋಗೆ ಹಲವು ನಿಮಿಷ ಲೆನ್ಸ್ ತೆರೆದಿಡಬೇಕಿತ್ತು. ಅಷ್ಟು ಹೊತ್ತಿನಲ್ಲಿ ಗಾಡಿ ಬಂದು ಹೋಯಿತು, ಕುದುರೆ ಹೋಯಿತು, ಜನ ನಡೆದು ಹೋದರು. ಯಾರೂ ಒಂದು ಕಡೆ ನಿಲ್ಲಲಿಲ್ಲ, ಹಾಗಾಗಿ ಯಾರೂ ಮೂಡಲಿಲ್ಲ. ಮನೆ, ಮರ, ಕಿಟಕಿ ಉಳಿದವು.

ದೊಡ್ಡಪ್ಪ: ನೀನು ಹೋಗಿ ನೋಡಿದ್ದೆಯಾ?

ನಾನು: ನಾನಿಲ್ಲ. ಟೆಲಿಗ್ರಾಫ್‌ನ ಮೋರ್ಸ್ ನೋಡಿದ್ದರು. 1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೇರ್ ಅವರನ್ನು ಕಂಡು, ಈ ಬೀದಿಯ ಚಿತ್ರ ನೋಡಿ ಅಮೆರಿಕಕ್ಕೆ ಕಾಗದ ಬರೆದರು. ಸದಾ ಜನ, ಗಾಡಿ ತುಂಬಿ ಹರಿಯುವ ಬೀದಿ ಚಿತ್ರದಲ್ಲಿ ಮಾತ್ರ ಬಿಕೋ ಅನ್ನುತ್ತಿದೆ ಅಂತ. ಒಬ್ಬನನ್ನು ಬಿಟ್ಟು. ಕೆಳಗಡೆ ಎಡ ಮೂಲೆಯನ್ನು ದೊಡ್ಡದು ಮಾಡಿ ನೋಡಿ.

ಪುಟ್ಟಿ: ಇದ್ದಾನೆ! ಒಂದು ಕಾಲು ಎತ್ತಿ ಯಾವುದರ ಮೇಲೋ ಇಟ್ಟಿದ್ದಾನೆ.

ನಾನು: ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದಾನೆ. ಅದಕ್ಕೇ ಅಲ್ಲಾಡದೆ ನಿಂತ. ಮನುಷ್ಯರು ಕಾಣುವ ಮೊದಲ ಫೋಟೋ ಇದೇ ಅನ್ನುತ್ತಾರೆ.

ಪುಟ್ಟಿ: ಪಾಲಿಶ್ ಮಾಡುವವನು ಎಲ್ಲಕ್ಕ?

ನಾನು: ಪಕ್ಕದಲ್ಲಿ ಮಸುಕಾಗಿ ಒಂದು ಗುಡ್ಡೆ ಇದೆಯಲ್ಲ, ಅದೇ. ಪಾಪ, ಕೈ ಆಡಿಸುತ್ತಲೇ ಇದ್ದನಲ್ಲ. ಮಾಡಿಸಿಕೊಂಡವನು ಸ್ಪಷ್ಟ, ಮಾಡಿದವನು ಮಸುಕು.

ಅತ್ತೆ: ಅದೇನು ಹೊಸದಾ.

ದೊಡ್ಡಪ್ಪ: ಸರಿ, ಮೊದಲನೆಯದು ಬಿಡು. ಎರಡನೆಯದಕ್ಕೆ ಏನು ಹೇಳುತ್ತೀಯ?

ತಮ್ಮ: ಎಐ.

ನಾನು: ಎಐ ಅಲ್ಲ, ನಿಜವಾದದ್ದೇ. ಆದರೆ ಮಗು ಸತ್ತಿಲ್ಲ. ಅದರ ಎಡಗೈ ನೋಡಿ.

ಪುಟ್ಟಿ: ಬೆರಳೆಲ್ಲ ಮಂಜು ಮಂಜು. ಆರೋ ಏಳೋ ಬೆರಳಿರುವ ಹಾಗಿದೆ.

ತಮ್ಮ: ನಾನು ಹೇಳಲಿಲ್ವಾ, ಎಐ.

ನಾನು: ಕೈ ಅಲ್ಲಾಡಿಸಿದೆ ಕಣೋ! ಸತ್ತ ಮಗು ಕೈ ಅಲ್ಲಾಡಿಸುತ್ತಾ? ಡಾಗೇರ್ ಕಾಲಕ್ಕಿಂತ ಆಗ ಫೋಟೋ ಬೇಗ ಆಗುತ್ತಿತ್ತು, ಆದರೂ ಸೆಕೆಂಡುಗಟ್ಟಲೆ ಬೇಕು. ಕೂಸು ಸುಮ್ನೆ ಕೂರುವುದಿಲ್ಲ. ಹಾಗಾಗಿ ಅಮ್ಮನನ್ನು ಕುರ್ಚಿ ಮೇಲೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ, ಅವಳ ತೊಡೆ ಮೇಲೆ ಮಗುವನ್ನು ಇಡುತ್ತಿದ್ದರು. ಅವಳು ಬಟ್ಟೆಯೊಳಗಿಂದ ಮಗುವನ್ನು ಹಿಡಿದುಕೊಳ್ಳಬೇಕು. ನೋಡಿದವರಿಗೆ ಬಟ್ಟೆ ಹಾಸಿದ ಕುರ್ಚಿ ಅನ್ನಿಸಬೇಕು. ನಿಮ್ಮ ಕಪ್ಪು ಆಕೃತಿ ಆ ಮಗುವಿನ ತಾಯಿ, ದೊಡ್ಡಪ್ಪ.

ಅಮ್ಮ: ಅವಳೂ ಮುಖ ತೋರಿಸಿ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು?

ನಾನು: ಮಗುವಿನದೊಂದೇ ಫೋಟೋ ಬೇಕಿತ್ತಮ್ಮ. ಆಮೇಲೆ ಮೊಟ್ಟೆ ಆಕಾರದ ಕಿಂಡಿ ಕೊರೆದ ರಟ್ಟನ್ನು ಮೇಲಿಡುತ್ತಿದ್ದರು. ಬಟ್ಟೆ ಹೊದ್ದ ಭಾಗ ಅದರ ಹಿಂದೆ ಮುಚ್ಚಿಹೋಗುತ್ತಿತ್ತು. ಈಗ ಯಾರೋ ರಟ್ಟು ತೆಗೆದು ಸ್ಕ್ಯಾನ್ ಮಾಡಿದ್ದಾರೆ, ಅವಳು ಭೂತವಾಗಿ ಆಚೆ ಬಂದಿದ್ದಾಳೆ.

ಅಮ್ಮ: ಆ ಸೆಕೆಯಲ್ಲಿ ಮಗು ಅಳದ ಹಾಗೆ ಸಮಾಧಾನ ಮಾಡಿದವಳು ಅವಳು. ಕೊನೆಗೆ ಸಿಕ್ಕಿದ ಹೆಸರು ಭೂತ. ಚೆನ್ನಾಗಿದೆ.

ಚಿಕ್ಕಪ್ಪ: ಆದರೆ ಸತ್ತವರನ್ನು ಕಬ್ಬಿಣದ ಸ್ಟ್ಯಾಂಡಿಗೆ ಆನಿಸಿ, ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರಂತೆ. ಎಲ್ಲೋ ಓದಿದ್ದೆ.

ನಾನು: ಆ ಸ್ಟ್ಯಾಂಡ್ ಬದುಕಿದ್ದವರಿಗೆ ಚಿಕ್ಕಪ್ಪ. ತಲೆ ಅಲ್ಲಾಡದಿರಲಿ ಅಂತ ಕುತ್ತಿಗೆಯ ಹಿಂದೆ ಒಂದು ಕವೆ. ಅದು ಹೆಣದ ಭಾರ ತಡೆಯುವುದಿಲ್ಲ. ತೀರಿಕೊಂಡವರ ಫೋಟೋ ತೆಗೆಸುತ್ತಿದ್ದದ್ದೇನೋ ನಿಜ. ಆದರೆ ಹೆಚ್ಚಾಗಿ ಮಲಗಿಸಿ, ನಿದ್ದೆ ಮಾಡುತ್ತಿರುವ ಹಾಗೆ. ಎಷ್ಟೋ ಮನೆಗಳಲ್ಲಿ ಆ ಮಗುವಿನದು ಅಂತ ಇದ್ದದ್ದು ಅದೊಂದೇ ಫೋಟೋ.

ದೊಡ್ಡಪ್ಪ: ಒಂದು ಒಳ್ಳೆಯ ಸಂದೇಶ ಹಾಕಿದರೆ ಅದಕ್ಕೇ ಪೋಸ್ಟ್‌ಮಾರ್ಟಂ ಮಾಡುತ್ತೀರಿ. ಮೂರನೆಯದರಲ್ಲಿ ಏನು ತಪ್ಪಿದೆ? ನಾವೂ ಚಿಕ್ಕಂದಿನಲ್ಲಿ ಕೆಲಸ ಮಾಡಿಯೇ ಬೆಳೆದವರು. ಏನೂ ಸವೆದು ಹೋಗಲಿಲ್ಲ.

ನಾನು: ದೊಡ್ಡಪ್ಪ, ಕೋಪ ಮಾಡಿಕೊಳ್ಳಬೇಡಿ. ಬೇರೆ ಮೂರಕ್ಕೆ ನಗಬಹುದು, ಇದಕ್ಕೆ ನನಗೆ ನಗು ಬರುವುದಿಲ್ಲ. ಇದು 1908ರಲ್ಲಿ ಲೂಯಿಸ್ ಹೈನ್ ಅಮೆರಿಕದ ಉತ್ತರ ಕೆರೊಲಿನಾದ ಒಂದು ಹತ್ತಿ ಗಿರಣಿಯಲ್ಲಿ ತೆಗೆದದ್ದು. ಮೊದಲು ಮೇಷ್ಟ್ರಾಗಿದ್ದವರು. ಆಮೇಲೆ, ಮಕ್ಕಳನ್ನು ದುಡಿಸುವುದು ನಿಲ್ಲಬೇಕು ಅಂತ ಹೋರಾಡುತ್ತಿದ್ದ ಸಮಿತಿಗೆ ಫೋಟೋ ತೆಗೆದುಕೊಡುತ್ತಿದ್ದರು. ಗಿರಣಿಯವರು ಒಳಗೆ ಬಿಡುತ್ತಿರಲಿಲ್ಲ. ಬೈಬಲ್ ಮಾರುವವನು, ಬೆಂಕಿ ತಪಾಸಣೆಯವನು ಅಂತ ಏನೇನೋ ಹೇಳಿ ನುಗ್ಗುತ್ತಿದ್ದರು. ಮಗುವಿನ ಪಕ್ಕ ನಿಂತು, ಅದರ ತಲೆ ತನ್ನ ಕೋಟಿನ ಎಷ್ಟನೇ ಗುಂಡಿಗೆ ಬರುತ್ತದೆ ನೋಡಿ ಎತ್ತರ ಲೆಕ್ಕ ಹಾಕುತ್ತಿದ್ದರು. ಕೋಟಿನ ಜೇಬಿನೊಳಗೇ ಕೈ ಇಟ್ಟುಕೊಂಡು ಚೀಟಿಯಲ್ಲಿ ಗೀಚುತ್ತಿದ್ದರು.

ನಾನು: ಈ ಹುಡುಗಿಯ ಬಗ್ಗೆ ಬರೆದುಕೊಂಡದ್ದು ಇಷ್ಟು. ಎತ್ತರ 51 ಅಂಗುಲ. ಗಿರಣಿಗೆ ಬಂದು ಒಂದು ವರ್ಷ. ಕೆಲವೊಮ್ಮೆ ರಾತ್ರಿ ಪಾಳಿ. ದಿನಕ್ಕೆ 48 ಸೆಂಟ್. ವಯಸ್ಸೆಷ್ಟು ಅಂತ ಕೇಳಿದರೆ ತಡವರಿಸಿ, ನೆನಪಿಲ್ಲ ಅಂದಳಂತೆ. ಆಮೇಲೆ ಗುಟ್ಟು ಹೇಳುವ ಹಾಗೆ, ಕೆಲಸ ಮಾಡುವಷ್ಟು ವಯಸ್ಸಾಗಿಲ್ಲ, ಆದರೂ ಮಾಡುತ್ತೀನಿ ಅಂದಳಂತೆ.

ಅಮ್ಮ: 51 ಅಂಗುಲ ಅಂದರೆ ನಾಲ್ಕೂಕಾಲು ಅಡಿ. ಪುಟ್ಟಿ ನಾಲ್ಕನೇ ಕ್ಲಾಸಿನಲ್ಲಿ ಅಷ್ಟಿದ್ದಳು.

ಪುಟ್ಟಿ: ಅವಳ ಹಿಂದಿನ ಮಷೀನು ಫೋಟೋದ ಅಂಚಿನವರೆಗೂ ಹೋಗಿದೆ. ಕೊನೆಯೇ ಕಾಣುವುದಿಲ್ಲ.

7:25

ದೊಡ್ಡಪ್ಪ: ಇದೆಲ್ಲ ಫಾರ್ವರ್ಡ್‌ನಲ್ಲಿ ಇರಲಿಲ್ಲ.

ನಾನು: ನನ್ನ ಜಗಳ ಅದೇ ದೊಡ್ಡಪ್ಪ. ಇದನ್ನು ನಿಲ್ಲಿಸಿ ಅಂತ ತೆಗೆದ ಫೋಟೋ, ಎಂಥಾ ಕಾಲ ಅಂತ ಬರೆದುಕೊಂಡು ಸುತ್ತುತ್ತಿದೆ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಗಟ್ಟಿ ಕಾನೂನು ಬಂದದ್ದು 1938ರಲ್ಲಿ. ಅಂದರೆ ಈ ಫೋಟೋ ತೆಗೆದು ಮೂವತ್ತು ವರ್ಷದ ಮೇಲೆ.

ಚಿಕ್ಕಪ್ಪ: ನಾಲ್ಕನೆಯದನ್ನಾದರೂ ಬಿಟ್ಟುಬಿಡೇ. ಅದು ನನಗೆ ಇಷ್ಟ.

ನಾನು: ನನಗೂ ಇಷ್ಟ. ನ್ಯೂಯಾರ್ಕ್, 1932ರ ಸೆಪ್ಟೆಂಬರ್ 20. 69ನೇ ಮಹಡಿಯ ಎತ್ತರ. ಹನ್ನೊಂದೂ ಜನ ನಿಜವಾದ ಕೆಲಸಗಾರರೇ, ಎತ್ತರವೂ ನಿಜ. ಆದರೆ ಊಟದ ಹೊತ್ತಿಗೆ ಯಾರೋ ಸುಮ್ನೆ ಕ್ಲಿಕ್ಕಿಸಿದ್ದಲ್ಲ. ಕಟ್ಟಡದ ಪ್ರಚಾರಕ್ಕೆ ಕೂರಿಸಿ ತೆಗೆಸಿದ್ದು. ಅದೇ ದಿನ ತೊಲೆ ಮೇಲೆ ಮಲಗಿಸಿಯೂ ತೆಗೆದಿದ್ದಾರೆ.

ಅತ್ತೆ: ಮಲಗು ಅಂದರೆ ಮಲಗಿಬಿಟ್ಟರಾ?

ನಾನು: ಆಗ ಅಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ ಅತ್ತೆ. ಮಲಗು ಅಂದರೆ ಯಾರು ಇಲ್ಲ ಅನ್ನುತ್ತಾರೆ.

ದೊಡ್ಡಪ್ಪ: ಆಯಿತು. ಎಲ್ಲ ಗೊತ್ತಿದೆಯಲ್ಲ ನಿನಗೆ. ಇದು ಏನು ಹೇಳು.
[ಫೋಟೋ: ಕಡುನೀಲಿ ನಿಲುವಂಗಿ ತೊಟ್ಟು, ಕತ್ತಿ ಹಿಡಿದು ಕೂತ ದಪ್ಪನೆಯ ಅಮೀರ]
1911. ಮಧ್ಯ ಏಷ್ಯಾದ ಬುಖಾರಾದ ಅಮೀರ. ನಿಜವಾದ ಬಣ್ಣ.

ನಾನು: 1911ರಲ್ಲಿ ಇಷ್ಟು ಚೆಂದದ ಬಣ್ಣ ಎಲ್ಲಿಂದ ಬರಬೇಕು ದೊಡ್ಡಪ್ಪ. ಕಪ್ಪು ಬಿಳುಪು ಫೋಟೋಗೆ ಈಗ ಯಾರೋ ಕಂಪ್ಯೂಟರ್‌ನಲ್ಲಿ ಬಣ್ಣ ಹಚ್ಚಿದ್ದಾರೆ. ಈಚೆಗೆ ಎಲ್ಲದಕ್ಕೂ ಹಚ್ಚುತ್ತಾರೆ.

ದೊಡ್ಡಪ್ಪ: ಈಗ ಸಿಕ್ಕಿಬಿದ್ದೆ. ತೆಗೆದವರು ಪ್ರೊಕುದಿನ್-ಗೋರ್ಸ್ಕಿ. ರಷ್ಯದ ಚಕ್ರವರ್ತಿ ಅವರಿಗೆ ಓಡಾಡುವುದಕ್ಕೆ ಒಂದು ರೈಲು ಬೋಗಿಯನ್ನೇ ಕೊಟ್ಟಿದ್ದ. ಒಂದೇ ನೋಟವನ್ನು ಒಂದರ ಹಿಂದೊಂದು ಮೂರು ಸಲ ತೆಗೆಯುವುದು. ಒಮ್ಮೆ ನೀಲಿ ಗಾಜು ಅಡ್ಡ ಇಟ್ಟು, ಒಮ್ಮೆ ಹಸಿರು, ಒಮ್ಮೆ ಕೆಂಪು. ಆಮೇಲೆ ಅದೇ ಬಣ್ಣದ ಬೆಳಕಿನಲ್ಲಿ ಮೂರನ್ನೂ ಪರದೆಯ ಮೇಲೆ ಒಂದರ ಮೇಲೊಂದು ಕೂರಿಸಿದರೆ ಬಣ್ಣ ಎದ್ದು ಬರುತ್ತದೆ. ಯಾರೂ ಹಚ್ಚಿದ್ದಲ್ಲ. ಆ ಗಾಜಿನ ನೆಗೆಟಿವ್‌ಗಳನ್ನು 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡುಕೊಂಡಿತು. ನಿವೃತ್ತಿ ಆದ ಮೇಲೆ ನಾನು ಬರೀ ಫಾರ್ವರ್ಡ್ ಮಾಡಿಕೊಂಡು ಕೂತಿಲ್ಲ.

ಪುಟ್ಟಿ: ಹುಡುಕಿದೆ. ದೊಡ್ಡ ಮಾವ ಹೇಳಿದ್ದು ಸರಿ ಅಕ್ಕ! ಅವರದೇ ಒಂದು ನದಿ ಫೋಟೋದಲ್ಲಿ ನೀರಿನ ಅಲೆಗೆ ಕೆಂಪು, ಹಸಿರು, ನೀಲಿ ಗೆರೆ ಬಂದಿದೆ. ಮೂರು ಸಲ ತೆಗೆಯುವಷ್ಟರಲ್ಲಿ ಅಲೆ ಸರಿದಿದೆ.

ನಾನು: ತಪ್ಪಾಯಿತು ದೊಡ್ಡಪ್ಪ. ನೋಡದೇ ಮಾತಾಡಿದೆ. ಆ ಅಲೆ ನೋಡಿದ ಮೇಲೆ ಇನ್ನು ವಾದ ಮಾಡುವುದಕ್ಕೆ ಏನೂ ಇಲ್ಲ.

ಚಿಕ್ಕಪ್ಪ: ಸೋತಳು! ಇದನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ದೊಡ್ಡಪ್ಪ: ಇರಲಿ ಬಿಡು. ಈಗ ನಮ್ಮ ಮನೆಯದೇ ಒಂದು ಹಾಕುತ್ತೇನೆ. ಇದರಲ್ಲಿ ಹುಳುಕು ಹುಡುಕು ನೋಡೋಣ.
[ಫೋಟೋ: ಫ್ರೇಮ್ ಹಾಕಿದ ಕಪ್ಪು ಬಿಳುಪು ಚಿತ್ರ. ಬಾಗಿಲ ಮೆಟ್ಟಿಲ ಮೇಲೆ ಅಜ್ಜಿ]
ನಮ್ಮಮ್ಮ ನಗುತ್ತಿರುವ ಫೋಟೋ ಇದೊಂದೇ. ಬೇರೆ ಎಲ್ಲದರಲ್ಲೂ ಗಂಟು ಮುಖ. ಡಬ್ಬಿ ಕ್ಯಾಮೆರಾದಲ್ಲಿ ನಾನೇ ತೆಗೆದದ್ದು, ನನ್ನ ಮೊದಲ ಫೋಟೋ.

ಅಮ್ಮ: ಅತ್ತೆ ಎಷ್ಟು ಲಕ್ಷಣವಾಗಿ ಕಾಣುತ್ತಾರೆ ಭಾವ.

ಅತ್ತೆ: ಹೂಂ.

ನಾನು: ದೊಡ್ಡಪ್ಪ, ಇದೇ ಫೋಟೋದ ಇನ್ನೊಂದು ಪ್ರಿಂಟ್ ಆಲ್ಬಮ್‌ನಲ್ಲಿತ್ತು. ಹೋದ ತಿಂಗಳು ಸ್ಕ್ಯಾನ್ ಮಾಡಿದೆ. ನಿಮ್ಮ ಫ್ರೇಮಿನ ರಟ್ಟು ಕೆಳಗಡೆ ಒಂದಂಗುಲ ಮುಚ್ಚಿಕೊಂಡಿದೆ. ಪೂರ್ತಿ ಇಲ್ಲಿದೆ.
[ಫೋಟೋ]

ಪುಟ್ಟಿ: ಮುಂದುಗಡೆ ನೆಲದ ಮೇಲೆ ಯಾರದೋ ನೆರಳಿದೆ.

ನಾನು: ತೆಗೆದವರದು. ಬಿಸಿಲು ಬೆನ್ನಿಗೆ ಇರಬೇಕು ಅಂತ ಹೇಳಿಕೊಡುತ್ತಿದ್ದರಲ್ಲ, ಹಾಗಾಗಿ ನೆರಳು ಮುಂದೆ ಬಿದ್ದಿದೆ. ಡಬ್ಬಿ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡಬೇಕು. ಅದಕ್ಕೇ ಎರಡೂ ಮೊಣಕೈ ಆಚೆ ಚಾಚಿವೆ.

ಪುಟ್ಟಿ: ಮೊಣಕೈ ಸರಿ ಅಕ್ಕ. ಕಿವಿಯ ಹತ್ತಿರ ಎರಡೂ ಕಡೆ ಅದೇನದು? ಚಿಟ್ಟೆ ಥರ?

ಚಿಕ್ಕಪ್ಪ: ರಿಬ್ಬನ್. ಎರಡು ಜಡೆ ಮಡಚಿ ಕಟ್ಟಿದ ರಿಬ್ಬನ್. ಅಣ್ಣ, ನೀನು ಯಾವಾಗ ಎರಡು ಜಡೆ ಹಾಕಿಕೊಳ್ಳುತ್ತಿದ್ದೆ? 😂

ಅತ್ತೆ: ಕ್ಯಾಮೆರಾ ಮುಟ್ಟಿದರೆ ಕೈ ಮುರಿಯುತ್ತೇನೆ ಅಂದಿದ್ದೆ ನೀನು. ಅವತ್ತು ನೀನು ಆಟಕ್ಕೆ ಹೋಗಿದ್ದೆ. ಅಮ್ಮನೇ ಅಟ್ಟದಿಂದ ತೆಗೆದುಕೊಟ್ಟು, ಬೇಗ ಒಂದು ತೆಗಿ, ಅವನಿಗೆ ಹೇಳಬೇಡ ಅಂದಳು. ಅದಕ್ಕೇ ಆ ನಗು.

ಅಮ್ಮ: ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ ನೀವು!

ಅತ್ತೆ: ಹೇಳಬೇಡ ಅಂದಿದ್ದಳಲ್ಲ.

8:10

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಕ್ಯಾಮೆರಾಕ್ಕೆ ರೀಲು ಹಾಕಿದ್ದು ನಾನು.