ಅಕೇಶಿಯಾ ಸ್ಟ್ಯಾಂಡಿನ ಕಾಲು ತಿರುಚಿದೆ, ಮೇಲೆ 3 ಅಡಿ ಮೀನಿನ ತೊಟ್ಟಿ

ಕಡಲದಂಡೆ_ಕಾರವಾರ:
ತೊಟ್ಟಿ 3×1.5×1.5 ಅಡಿ, 8 ಎಂಎಂ ಗಾಜು. ಸ್ಟ್ಯಾಂಡು ಮನೆಯಲ್ಲೇ ಕೂಡಿಸಿದ್ದು. ಕಾಲುಗಳು ಎರಡೂವರೆ ಇಂಚು ಚೌಕ, 28 ಇಂಚು ಎತ್ತರ. ಆಷಾಢದಲ್ಲಿ ನೆಟ್ಟಗಿತ್ತು. ಈಗ ಮುಂದಿನ ಬಲಗಾಲು ಬುಡದಲ್ಲಿ ಹೊರಮುಖವಾಗಿ ತಿರುಗಿದೆ, ಅಡ್ಡಪಟ್ಟಿಯ ಕೂಡಿನಲ್ಲಿ ನಾಣ್ಯ ತೂರುವಷ್ಟು ಸಂದು. ಕ್ಲಾಂಪ್ ಹಾಕಿ ಹಿಂದಕ್ಕೆ ತಿರುವಿ ಸ್ಕ್ರೂ ಹೊಡೆದರೆ ನಿಲ್ಲುತ್ತದೆಯೇ?

ಶಿರಸಿ_ಮರಗೆಲಸ:
ನಿಲ್ಲುವುದಿಲ್ಲ. ಕ್ಲಾಂಪ್ ಬಿಟ್ಟ ಮೇಲೆ ಆ ಬಲವೆಲ್ಲ ಸ್ಕ್ರೂ ಮೇಲೆ ಬಿದ್ದು ಅಡ್ಡಪಟ್ಟಿಯ ತುದಿ ಸೀಳುತ್ತದೆ. ಕಾಲಿನ ಮೇಲಿನ ಕೂದಲೆಳೆ ಬಿರುಕು ನೋಡಿ. ಅದು ನೇರ ಇಳಿಯದೆ ಓರೆಯಾಗಿ ಸುತ್ತಿಕೊಂಡಿದ್ದರೆ ಮರದ ಎಳೆಯೇ ಸುತ್ತಿಕೊಂಡು ಬೆಳೆದದ್ದು. ಮಳೆಗಾಲ ಕಳೆದು ಒಣಗಿದಷ್ಟೂ ತಿರುಚುತ್ತದೆ. ಕಾಲು ಬದಲಿಸುವುದೇ ದಾರಿ.

ಬಿಚ್ಚಿದ ಹಳೇ ಮನೆಯ ಸಾಗವಾನಿ ಅಥವಾ ಹಲಸಿನ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಒಣಗುವುದೆಲ್ಲ ಒಣಗಿ ಮುಗಿದಿರುತ್ತದೆ. ಕಾಂಡದ ನಟ್ಟನಡುವಿನ ಮೆತ್ತನೆಯ ತಿರುಳು ಇರುವ ತುಂಡು ಬೇಡ. ಹೊಸ ಕಾಲಿನ ತಲೆಯಲ್ಲಿ ಮುಕ್ಕಾಲು ಇಂಚು ಕಚ್ಚು ತೆಗೆದು ಅಡ್ಡಪಟ್ಟಿಯನ್ನು ಅದರ ಮೇಲೇ ಕೂರಿಸಿ. ಭಾರ ಮರದಿಂದ ಮರಕ್ಕೆ ಇಳಿಯಬೇಕು, ಸ್ಕ್ರೂ ಬರೀ ಹಿಡಿದುಕೊಳ್ಳಲಿಕ್ಕೆ. 8 ನಂಬರ್ ಸ್ಕ್ರೂಗೆ ಮೊದಲು 3 ಎಂಎಂ ತೂತು ಕೊರೆಯಿರಿ. ನಿಮ್ಮ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಸಾಧ್ಯವಾದರೆ 316 ದರ್ಜೆಯದ್ದು. ನೀರು ತಡೆಯುವ ಮರೀನ್ ಫೆವಿಕಾಲ್ ಹಚ್ಚಿ 24 ಗಂಟೆ ಬಿಗಿಯಲ್ಲಿಡಿ. ಉದ್ದ ಕ್ಲಾಂಪ್ ಇಲ್ಲದಿದ್ದರೆ ಹಗ್ಗ ಎರಡು ಸುತ್ತು ಸುತ್ತಿ ನಡುವೆ ಕೋಲು ಹಾಕಿ ತಿರುವಿದರೆ ಸಾಕು. ಬಿಗಿಯುವಾಗ ಎರಡೂ ಕರ್ಣ ಅಳೆಯಿರಿ, 2 ಎಂಎಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಹಿಂಬದಿಗೆ 12 ಎಂಎಂ ಮರೀನ್ ಪ್ಲೈ ಹೊಡೆಯಿರಿ. ಬದಿಗೆ ವಾಲುವುದನ್ನು ತಡೆಯುವುದು ಅದೇ.

ತೊಟ್ಟಿಮೀನು_ಕುಮಟಾ:
ಅದಕ್ಕೂ ಮೊದಲು ನೀರು ಇಳಿಸಿ, ಇವತ್ತೇ. ಆ ಅಳತೆಗೆ ಸುಮಾರು 190 ಲೀಟರ್. ಗಾಜು, ಜಲ್ಲಿ ಸೇರಿ 240 ಕಿಲೋ ದಾಟುತ್ತದೆ. ಒಂದು ಕಾಲು ಸಡಿಲಾದರೆ ಭಾರ ಮೂಲೆಯಿಂದ ಮೂಲೆಗೆ ಎರಡು ಕಾಲಿಗೆ ಹೋಗಿ ತೊಟ್ಟಿಯ ತಳ ತಿರುಚುತ್ತದೆ; ಆಗ ಸಿಲಿಕಾನ್ ಅಂಚು ಬಿಡುತ್ತದೆ ಅಥವಾ ಗಾಜು ಸೀಳುತ್ತದೆ. ತೊಟ್ಟಿಯ ಕೆಳಗೆ ಹಾಸುವ ಥರ್ಮೊಕೋಲ್ ಸಣ್ಣ ಉಬ್ಬುತಗ್ಗಿಗೆ ಮಾತ್ರ, ಇದನ್ನು ಮುಚ್ಚುವುದಿಲ್ಲ. ಮೀನನ್ನು ಹಳೇ ನೀರಿನ ದೊಡ್ಡ ಟಬ್ಬಿಗೆ ಬಿಟ್ಟು ಏರ್ ಪಂಪ್ ಹಾಕಿ, ಮೇಲೆ ಬಲೆ ಮುಚ್ಚಿ. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಅದೂ ಆ ಟಬ್ಬಿನಲ್ಲೇ ಇರಲಿ.

ಕಡಲದಂಡೆ_ಕಾರವಾರ:
ಬಿರುಕು ಓರೆಯಾಗಿಯೇ ಇದೆ. ನೀರು ಇಳಿಸಿದೆ. ಉಳಿದ ಮೂರು ಕಾಲೂ ಅದೇ ಮರದ್ದು, ಅವನ್ನೂ ತೆಗೆಯಬೇಕೇ?

ಶಿರಸಿ_ಮರಗೆಲಸ:
ಪ್ರತಿ ಕಾಲಿನ ತಲೆಗೊಂದು, ಬುಡಕ್ಕೊಂದು ನೇರ ಪಟ್ಟಿ ಅಡ್ಡ ಕಟ್ಟಿ ಮೇಲಿನಿಂದ ನೋಡಿ. ಎರಡೂ ಒಂದೇ ಗೆರೆಯಲ್ಲಿ ಕಂಡರೆ ಬಿಡಿ. ಓರೆ ಕಂಡ ಕಾಲನ್ನೂ ಈಗಲೇ ಬದಲಿಸಿ. ಕಾಲುಗಳ ಬುಡಕ್ಕೆ ಎರಡು ಕೈ ವಾರ್ನಿಶ್ ಕೊಡಿ, ನೆಲ ಒರೆಸುವ ನೀರು ಹೀರುವುದು ಅಲ್ಲಿಂದಲೇ. ಮಟ್ಟ ತಪ್ಪಿದರೆ ಬೆಣೆ ಕಾಲಿನ ಕೆಳಗೆ, ಗಾಜಿನ ಕೆಳಗೆ ಬೇಡ. ಮೊದಲು ಅರ್ಧ ನೀರು ತುಂಬಿ, ಮರುದಿನ ಮತ್ತೆ ಲೆವೆಲ್ ನೋಡಿ ಉಳಿದದ್ದು ತುಂಬಿ.