ಸಹಾಯ ಬೇಕು: ಶಿಕಾಗೋದಿಂದ ಸಿಯಾಟಲ್‌ಗೆ ಕಾರಲ್ಲಿ, ಅಪ್ಪ ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸೆಪ್ಟೆಂಬರ್‌ನಲ್ಲಿ ಐ-90 ಹೆದ್ದಾರಿ ಹಿಡಿದು ಸಿಯಾಟಲ್‌ವರೆಗೆ ಹೋಗೋಣ ಅಂತ ಇದ್ದೇವೆ. ಅಪ್ಪ ರಿಟೈರ್ಡ್ ಇತಿಹಾಸ ಮೇಷ್ಟ್ರು. ಟೇಬಲ್ ಮೇಲೆ ಮ್ಯಾಪ್ ಹರಡಿಕೊಂಡು, ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಲೇ ಇದ್ದಾರೆ. ಬೆಟ್ಟದಲ್ಲಿ ನಾಲ್ವರು ಅಮೆರಿಕ ಅಧ್ಯಕ್ಷರ ಮುಖ ಕೆತ್ತಿರುವ ಮೌಂಟ್ ರಶ್ಮೋರ್, 1948ರಿಂದ ಕೆತ್ತುತ್ತಲೇ ಇರುವ ಕ್ರೇಜಿ ಹಾರ್ಸ್ ಶಿಲ್ಪ, 1876ರಲ್ಲಿ ಅಮೆರಿಕ ಸೇನೆಗೂ ಮೂಲನಿವಾಸಿಗಳಿಗೂ ಯುದ್ಧ ನಡೆದ ಲಿಟಲ್ ಬಿಗ್‌ಹಾರ್ನ್, ಗೋಪುರದ ಹಾಗೆ ನಿಂತ ಬಂಡೆ ಡೆವಿಲ್ಸ್ ಟವರ್. ಒಂದನ್ನೂ ಬಿಡೋ ಹಾಗಿಲ್ಲವಂತೆ!

ತೊಂದರೆ ಅಮ್ಮನ ಮಂಡಿಯದು. ರಶ್ಮೋರ್‌ನ ಪ್ರೆಸಿಡೆನ್ಷಿಯಲ್ ಟ್ರೇಲ್‌ನಲ್ಲಿ 422 ಮೆಟ್ಟಿಲಂತೆ. ಅವನ್ನು ಬಿಟ್ಟು, ಮುಂದಿನ ಟೆರೇಸ್‌ನಿಂದ ನೋಡಿದರೆ ಸಾಕಾ? ಬೆಳಿಗ್ಗೆ ಬೆಳಕು ನೇರ ಮುಖಗಳ ಮೇಲೇ ಬೀಳುತ್ತದೆ ಅಂತಾರೆ. ಹಾಗಾದರೆ ಹಿಂದಿನ ರಾತ್ರಿ ಹತ್ತಿರದ ರ‍್ಯಾಪಿಡ್ ಸಿಟಿಯಲ್ಲೇ ಉಳಿಯಬೇಕಲ್ವಾ? ಶಿಕಾಗೋದಿಂದ ಅಲ್ಲಿಗೇ ಸುಮಾರು 900 ಮೈಲಿ. ವಯಸ್ಸಾದವರನ್ನು ಕೂರಿಸಿಕೊಂಡು ಎರಡು ದಿನದಲ್ಲಿ ಮುಗಿಸಿದವರು ಯಾರಾದರೂ ಇದ್ದೀರಾ, ಇಲ್ಲ ಮೂರು ದಿನ ಬೇಕಾ?

ಡೆವಿಲ್ಸ್ ಟವರ್ ಸುತ್ತಲಿನ 1.3 ಮೈಲಿ ದಾರಿಗೆ ಟಾರ್ ಹಾಕಿದೆಯಂತೆ. ಏರು ಜಾಸ್ತಿನಾ? ಕೋಲು ಹಿಡಿದು ನಡೆಯಬಹುದಾ?

ಊಟದ ಚಿಂತೆ ಅಷ್ಟಿಲ್ಲ. ಅಮ್ಮ ಈಗಾಗಲೇ ಅವಲಕ್ಕಿ, ಚಟ್ನಿಪುಡಿ, ಪುಟ್ಟ ಕುಕ್ಕರ್ ಎಲ್ಲ ಕಟ್ಟಿಟ್ಟಿದ್ದಾರೆ. ಆದರೂ ದಾರಿಯಲ್ಲಿ ಒಂದು ಹೊತ್ತು ಬಿಸಿ ಅನ್ನ ಸಾರು ಸಿಗುವ ಜಾಗ ಗೊತ್ತಿದ್ದರೆ ಹೇಳಿ, ಪ್ಲೀಸ್.